ಬಾಣಂತಿ ಕೋಣೆಯ ಮೀನುಗಳು

ಮೀನು ಸಾಕುವ ಮನೆಯಲ್ಲಿ ಎರಡು ತೊಟ್ಟಿ ಇರಬೇಕು. ಒಂದು, ಬಂದ ನೆಂಟರು ನೋಡುವುದಕ್ಕೆ. ಇನ್ನೊಂದು, ಬಂದ ಮೀನು ಸುಧಾರಿಸಿಕೊಳ್ಳುವುದಕ್ಕೆ. ಮೊದಲನೆಯದರ ಬಗ್ಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಲಿನ ಯಾವ ಗೋಡೆಗೆ ಇಡುವುದು, ತಳಕ್ಕೆ ಬಿಳಿ ಕಲ್ಲೋ ಕಪ್ಪು ಮರಳೋ, ಹಿಂದುಗಡೆ ನೀಲಿ ಹಾಳೆ ಅಂಟಿಸುವುದೋ ಬೇಡವೋ ಎಂದು ಮನೆಮಂದಿಯೆಲ್ಲ ಕೂತು ವಾರಗಟ್ಟಲೆ ಮಾತಾಡುತ್ತಾರೆ. ಎರಡನೆಯದರ ಸುದ್ದಿ ಯಾರೂ ಎತ್ತುವುದಿಲ್ಲ. ಅದಕ್ಕೆ ಅಂದವಿಲ್ಲ, ದೀಪವಿಲ್ಲ, ಗಿಡವಿಲ್ಲ. ಆದರೂ ನನ್ನನ್ನು ಕೇಳಿದರೆ, ಮೀನು ಸಾಕುವುದು ಶುರುವಾಗುವುದೇ ಆ ಬೋಳು ತೊಟ್ಟಿಯಿಂದ.

ನಮ್ಮದು ಮೈಸೂರಿನ ಹಳೆಯ ಹೆಂಚಿನ ಮನೆ. ನಡುಮನೆಯ ಎಡಕ್ಕೆ ಒಂದು ಸಣ್ಣ ಕೋಣೆಯಿದೆ. ಕಿಟಕಿ ಚಿಕ್ಕದು, ಬೆಳಕು ಮಂದ, ಚಳಿಗಾಳಿ ನುಗ್ಗದ ಮೂಲೆ. ಮೊದಲು ನನ್ನ ಸೋದರತ್ತೆಯರ, ಆಮೇಲೆ ನನ್ನ ಮತ್ತು ತಂಗಿಯ ಬಾಣಂತನ ಅಲ್ಲೇ ಆದದ್ದರಿಂದ ಇವತ್ತಿಗೂ ಅದು ಬಾಣಂತಿ ಕೋಣೆಯೇ. ಈಗ ಅಲ್ಲಿರುವುದು ಒಂದು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ 40 ಲೀಟರಿನ ಪ್ಲಾಸ್ಟಿಕ್ ಡಬ್ಬ, ಗೋಡೆಯ ಮೊಳೆಗೆ ತೂಗುಹಾಕಿದ ಗಾಳಿ ಪಂಪು. ಹೊಸದಾಗಿ ತಂದ ಮೀನು ಮೊದಲು ಹೋಗುವುದು ಅಲ್ಲಿಗೆ. ಮೂರು ನಾಲ್ಕು ವಾರ ಕಳೆಯುವ ತನಕ ಹಾಲಿನ ತೊಟ್ಟಿಯ ಮುಖ ಅದಕ್ಕೆ ಕಾಣುವುದಿಲ್ಲ.

ಬೇರೆ ಇಡುವುದು ಎಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಭಯ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು, ಅದರ ಬೆನ್ನಿಗೇ ಮೈಸೂರಿಗೂ ಹಬ್ಬಿದಾಗ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಷೆಡ್ಡು ಹಾಕಿಕೊಂಡಿದ್ದರು. ಆ ನೆನಪು ಅಜ್ಜ ಅಜ್ಜಿಯರ ಮಾತಿನಲ್ಲಿ ನಮ್ಮ ಕಾಲದವರೆಗೂ ಉಳಿದಿತ್ತು. 2020ರಲ್ಲಿ ಕೊರೊನಾ ಬಂದಾಗ ಮುಂಗೈಗೆ ಮುದ್ರೆ ಒತ್ತಿಸಿಕೊಂಡವರನ್ನು, ಬಾಗಿಲಿಗೆ ನೋಟಿಸು ಅಂಟಿಸಿಕೊಂಡ ಮನೆಗಳನ್ನು ನಾವೇ ನೋಡಿದೆವು. ಹಾಗಾಗಿ ಹೊಸ ಮೀನನ್ನು ಬೇರೆ ಇಡಬೇಕು ಎಂದೊಡನೆ ಎಷ್ಟೋ ಜನಕ್ಕೆ ಅದು ಆ ಬಡಪಾಯಿಯ ಮೇಲೆ ಹೊರಿಸಿದ ಅನುಮಾನದಂತೆ ಕೇಳುತ್ತದೆ. ‘ಪಾಪ, ಅಷ್ಟು ದೂರದಿಂದ ಬಂದಿದೆ, ಒಂಟಿಯಾಗಿ ಆ ಡಬ್ಬದಲ್ಲಿ ಯಾಕೆ’ ಎನ್ನುತ್ತಾರೆ.

ಬೇರೆ ಇಡುವುದಕ್ಕೆ ನಮ್ಮ ಮನೆಗಳಲ್ಲೇ ಇನ್ನೊಂದು ರೀತಿ ಇತ್ತು. ಬಾಣಂತಿಯನ್ನೂ ಮಗುವನ್ನೂ ಆ ಕೋಣೆಯಲ್ಲಿ ಇಡುತ್ತಿದ್ದದ್ದು ಅವರು ಎಳಸು ಎಂಬ ಕಾರಣಕ್ಕೆ. ಬೆಳಕು ಕಮ್ಮಿ, ಕೋಣೆ ಬೆಚ್ಚಗೆ, ಊಟ ಹಗುರ. ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಹೋಗಬೇಕು. ಮಗು ಎಷ್ಟು ಸಲ ಹಾಲು ಕುಡಿಯಿತು, ಮಲ ಯಾವ ಬಣ್ಣ, ಉಸಿರು ಹೇಗಿದೆ ಎಂದು ಅಜ್ಜಿ ದಿನಾ ವಿಚಾರಿಸುತ್ತಿದ್ದಳು. ನಾನು ಹೊಸ ಮೀನಿಗೆ ಮಾಡುವುದು ಅಕ್ಷರಶಃ ಇಷ್ಟನ್ನೇ. ಬೆಳಕು ಕಮ್ಮಿ, ನೀರು ಬೆಚ್ಚಗೆ, ಊಟ ಮಿತ, ತೊಳೆದ ಕೈ, ದಿನಾ ವಿಚಾರಣೆ.

ಆ ಮೀನು ಬಂದಿರುವ ದಾರಿಯನ್ನು ನೆನೆದರೆ ಈ ಉಪಚಾರ ಹೆಚ್ಚೆನಿಸುವುದಿಲ್ಲ. ನಮ್ಮ ಕಡೆಯ ಅಂಗಡಿಗಳಿಗೆ ಬರುವ ಗಪ್ಪಿ, ಮೋಲಿ, ಏಂಜಲ್, ಗೋಲ್ಡ್ ಫಿಶ್‌ಗಳಲ್ಲಿ ಬಹುಪಾಲು ಚೆನ್ನೈನ ಕೊಳತ್ತೂರಿನ ಸುತ್ತಮುತ್ತಲಿನವು, ಇಲ್ಲವೇ ಕೋಲ್ಕತ್ತದ ಕಡೆಯವು. ಕೊಳತ್ತೂರಿನಲ್ಲಿ ಎಷ್ಟೋ ಸಂಸಾರಗಳು ಹಿತ್ತಲಿನ ಸಿಮೆಂಟು ತೊಟ್ಟಿಗಳಲ್ಲಿ ಮೀನು ಮರಿ ಮಾಡಿಸಿಯೇ ಬದುಕು ಕಟ್ಟಿಕೊಂಡಿವೆ. ಅಲ್ಲಿಂದ ಸಗಟು ವ್ಯಾಪಾರಿ, ಆಮೇಲೆ ಆಮ್ಲಜನಕ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲ, ಥರ್ಮೊಕೋಲ್ ಪೆಟ್ಟಿಗೆ, ರಾತ್ರಿ ಬಸ್ಸು, ಬೆಂಗಳೂರಿನ ಅಂಗಡಿ, ಕೊನೆಗೆ ನಮ್ಮೂರಿನ ಅಂಗಡಿ. ಒಂದೆರಡು ವಾರದೊಳಗೆ ಆ ಜೀವ ಮೂರು ನಾಲ್ಕು ಕಡೆಯ ನೀರು ಕಂಡಿರುತ್ತದೆ. ಹೊರಡುವ ಮೊದಲು ಚೀಲದ ನೀರು ಕೆಡದಿರಲೆಂದು ಉಪವಾಸ ಬೇರೆ ಹಾಕಿರುತ್ತಾರೆ. ದಣಿವಿನಲ್ಲಿ, ಗಾಬರಿಯಲ್ಲಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಇಷ್ಟು ದಿನ ಮೈಮೇಲೆ ಸುಮ್ಮನಿದ್ದ ಪರಾವಲಂಬಿಗಳಿಗೆ ಅದೇ ಸಮಯ.

ಅಂಗಡಿಗಳಲ್ಲಿ ಇನ್ನೊಂದು ಸಂಗತಿಯುಂಟು. ಎಷ್ಟೋ ಕಡೆ ಸಾಲುಸಾಲು ತೊಟ್ಟಿಗಳ ನೀರೆಲ್ಲ ಒಂದೇ ಫಿಲ್ಟರಿನ ಮೂಲಕ ಸುತ್ತುತ್ತಿರುತ್ತದೆ. ನಾವು ಆರಿಸಿದ ಮೀನು ಮೇಲಿನ ಸಾಲಿನದಾದರೂ ಕೆಳಸಾಲಿನ ಕಾಯಿಲೆಯ ನೀರನ್ನೂ ಅದು ಕುಡಿದಿರುತ್ತದೆ. ಇದು ಅಂಗಡಿಯವರ ದುರುದ್ದೇಶವಲ್ಲ, ಆ ಏರ್ಪಾಡಿನ ಗುಣ. ನನಗೆ ಪರಿಚಯದ ಅಂಗಡಿಯವರು ಒಬ್ಬರಿದ್ದಾರೆ. ಹೊಸ ಲೋಡು ಬಂದ ದಿನ ಹೋದರೆ ಅವರೇ ತಡೆಯುತ್ತಾರೆ: “ಮೇಡಂ, ಇದು ಇವತ್ತು ಬೆಳಿಗ್ಗೆ ಇಳಿದಿರೋದು. ಒಂದು ವಾರ ಬಿಟ್ಟು ಬನ್ನಿ. ಯಾವುದು ಗಟ್ಟಿ, ಯಾವುದು ಇಲ್ಲ ಅಂತ ನಿಮಗೇ ಗೊತ್ತಾಗುತ್ತೆ.” ಇಂಥ ವ್ಯಾಪಾರಿ ಸಿಕ್ಕರೆ ಹತ್ತು ರೂಪಾಯಿ ಜಾಸ್ತಿಯಾದರೂ ಅವರ ಹತ್ತಿರವೇ ಕೊಳ್ಳಬೇಕು.

ಮೀನಿನ ಈ ಬಾಣಂತಿ ಕೋಣೆಯ ಸಿದ್ಧತೆಗೆ ದುಡ್ಡು ಹೆಚ್ಚು ಬೇಕಾಗಿಲ್ಲ. ಟಬ್ಬು, ಗಾಳಿ ಪಂಪು, ಸ್ಪಾಂಜ್ ಫಿಲ್ಟರು, ಪೈಪು ಎಲ್ಲ ಸೇರಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಬಟ್ಟೆ, ಆಟಿಕೆ ತುಂಬಿಡಲು ಪಾತ್ರೆ ಅಂಗಡಿಗಳಲ್ಲಿ ಮಾರುತ್ತಾರಲ್ಲ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬ, ಸಣ್ಣ ಮೀನುಗಳಿಗೆ ಅದು ಧಾರಾಳ ಸಾಕು. ನೀರು ತುಂಬಿಡಲೆಂದು ಮಾಡಿದ ವಸ್ತುವಲ್ಲವಾದ್ದರಿಂದ ಅದರ ಗೋಡೆ ಉಬ್ಬುತ್ತದೆ. ಮೂರರಲ್ಲಿ ಎರಡು ಪಾಲಿನಷ್ಟೇ ನೀರು ತುಂಬಬೇಕು, ಬಿಸಿಲಿಗೆ ಇಡಬಾರದು. 40 ಲೀಟರಿನ ಡಬ್ಬದಲ್ಲಿ ಸುಮಾರು 27 ಲೀಟರ್ ನೀರು ನಿಲ್ಲುತ್ತದೆ. ಅದೂ ಬೇಡವೆಂದರೆ ಅಂಗಡಿಗೆ ಮೀನು ಬಂದ ಥರ್ಮೊಕೋಲ್ ಪೆಟ್ಟಿಗೆಯನ್ನೇ ಕೇಳಿ ತರಬಹುದು. ಅದು ನೀರನ್ನು ಬೇಗ ತಣಿಯಲು ಬಿಡುವುದಿಲ್ಲ, ಮೈಸೂರಿನ ಮಾಗಿಯ ರಾತ್ರಿಗಳಲ್ಲಿ ಇದೇ ದೊಡ್ಡ ಉಪಕಾರ. ಒಂದೇ ಕೊರತೆ, ಮೀನನ್ನು ಮೇಲಿನಿಂದ ಮಾತ್ರ ನೋಡಬಹುದು. ಪಕ್ಕೆಯ ಮೇಲಿನ ಚುಕ್ಕೆ, ಹೊಟ್ಟೆಯ ಆಕಾರ ಕಾಣುವುದಿಲ್ಲ. ಯಾವುದನ್ನೇ ತಂದರೂ ಸೋಪು ಸೋಕಿಸದೆ ಬರೀ ನೀರಿನಲ್ಲಿ ತೊಳೆಯಬೇಕು.

ತಳಕ್ಕೆ ಕಲ್ಲು, ಮರಳು ಬೇಡ. ಬೋಳು ತಳವೇ ಈ ತೊಟ್ಟಿಯ ಹೆಚ್ಚುಗಾರಿಕೆ. ಉಳಿದ ಆಹಾರ ಕಣ್ಣಿಗೆ ಬೀಳುತ್ತದೆ, ಹಿಕ್ಕೆಯ ಬಣ್ಣ ಗೊತ್ತಾಗುತ್ತದೆ, ರೋಗಾಣು ಅಡಗಿ ಕೂರುವ ಸಂದಿಯಿಲ್ಲ, ಸಣ್ಣ ಪೈಪಿನಲ್ಲಿ ಎಳೆದರೆ ಎರಡು ನಿಮಿಷದಲ್ಲಿ ಚೊಕ್ಕಟ. ಆದರೆ ಬೋಳು ತೊಟ್ಟಿಯಲ್ಲಿ ಮೀನಿಗೆ ಮರೆಯಾಗಲು ಜಾಗವಿಲ್ಲದಿದ್ದರೆ ಅದು ಬೆದರಿಯೇ ಸೊರಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಲ್ಬೋ ಒಂದೆರಡು ತಂದು ತಳದಲ್ಲಿ ಮಲಗಿಸಿದರೆ ಅಷ್ಟೇ ಸಾಕು. ಮಣ್ಣಿನ ಮಡಕೆಯ ಚೂರು ಔಷಧಿಯನ್ನು ಹೀರಿಕೊಳ್ಳುತ್ತದೆ, ಪಿವಿಸಿ ಹೀರುವುದಿಲ್ಲ. ತೊಳೆದು ಬಿಸಿಲಿಗೆ ಇಟ್ಟರೆ ಮತ್ತೆ ಹೊಸದು. ಡಬ್ಬದ ಮೂರು ಗೋಡೆಗೆ ಹೊರಗಿನಿಂದ ಹಳೆಯ ಪೇಪರು ಅಂಟಿಸಿ, ಒಂದನ್ನು ನೋಡುವುದಕ್ಕೆ ಬಿಡುತ್ತೇನೆ. ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿಯಲೇಬೇಕು. ಹೊಸ ಮೀನು ಮೇಲಕ್ಕೆ ಹಾರುವುದು ಹೆಚ್ಚಾಗಿ ಮೊದಲ ರಾತ್ರಿಯೇ.

ಮಾಗಿಯಲ್ಲಿ ಹೀಟರು ಬೇಕಾಗುತ್ತದೆ. ಇಷ್ಟು ನೀರಿಗೆ 50 ವಾಟಿನದು ಸಾಕು. ಅದು ಪ್ಲಾಸ್ಟಿಕ್ ಗೋಡೆಗೆ ತಾಗದಂತೆ ನಿಲ್ಲಿಸಬೇಕು, ತಾಗಿದರೆ ಗೋಡೆ ಕರಗುತ್ತದೆ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ಚು ಆರಿಸಬೇಕು. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡುವುದೂ ಇಷ್ಟೇ ಮುಖ್ಯ. ಕೆಳಗಿದ್ದರೆ ಕರೆಂಟು ಹೋದ ಕೂಡಲೇ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ. ನನ್ನ ಪಂಪು ಗೋಡೆಯ ಮೊಳೆಯಲ್ಲಿ ತೂಗುತ್ತಿರುವುದು ಅದಕ್ಕೇ.

ಇಷ್ಟೆಲ್ಲದರಲ್ಲಿ ಜೀವಾಳವೆಂದರೆ ಆ ಸ್ಪಾಂಜು. ಮೀನು ಕಿವಿರುಗಳಿಂದ ಅಮೋನಿಯ ಬಿಡುತ್ತಲೇ ಇರುತ್ತದೆ. ಹಳೆಯ ತೊಟ್ಟಿಯಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ, ಮೂರನೆಯದು ಮಿತಿಯಲ್ಲಿದ್ದರೆ ಬಾಧಕವಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ವಾರಗಳೇ ಹಿಡಿಯುತ್ತವೆ. ಹಾಗಾದರೆ ಮೀನು ತಂದ ದಿನ ಜೋಡಿಸಿದ ಟಬ್ಬಿನ ಗತಿಯೇನು? ಇದಕ್ಕೆ ಉಪಾಯ ಸರಳವಾದದ್ದು. ದೊಡ್ಡ ತೊಟ್ಟಿಯ ಮೂಲೆಯಲ್ಲಿ ಯಾವಾಗಲೂ ಒಂದು ಹೆಚ್ಚುವರಿ ಸ್ಪಾಂಜ್ ಫಿಲ್ಟರ್ ಓಡುತ್ತಿರಲಿ. ಒಂದೆರಡು ತಿಂಗಳಲ್ಲಿ ಅದರ ರಂಧ್ರರಂಧ್ರವೂ ಆ ಬ್ಯಾಕ್ಟೀರಿಯದಿಂದ ತುಂಬಿರುತ್ತದೆ. ಹೊಸ ಮೀನು ಬರುವ ದಿನ ಅದನ್ನೆತ್ತಿ ಟಬ್ಬಿಗೆ ಹಾಕಿದರೆ ಟಬ್ಬು ಆ ಗಳಿಗೆಯಿಂದಲೇ ಹಳೆಯ ತೊಟ್ಟಿ. ನೀರೂ ಅರ್ಧದಷ್ಟು ದೊಡ್ಡ ತೊಟ್ಟಿಯದೇ ಇರಲಿ. ಮುಂದೆ ಬಾಳಬೇಕಾದ ನೀರಿನ ರುಚಿ ಮೀನಿಗೆ ಈಗಲೇ ಹತ್ತಲಿ.

ಉಳಿದರ್ಧ ನಲ್ಲಿಯದಾದರೆ ಕ್ಲೋರಿನ್ನಿನ ಎಚ್ಚರ ಬೇಕು. ಅಗಲವಾದ ಬಕೆಟ್ಟಿನಲ್ಲಿ ಒಂದು ಹಗಲು ರಾತ್ರಿ ಗಾಳಿ ಹಾಯಿಸಿಟ್ಟರೆ ಕ್ಲೋರಿನ್ ಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಬೆರೆಸಬೇಕು. ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಹೈಪೋ ಎನ್ನುತ್ತಿದ್ದ ಹರಳು ಅದೇ, ಅಕ್ವೇರಿಯಂ ಅಂಗಡಿಯ ಆ್ಯಂಟಿ ಕ್ಲೋರಿನ್ ಶೀಷೆಗಳಲ್ಲೂ ಸಾಮಾನ್ಯವಾಗಿ ಇರುವುದು ಅದೇ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಗಡಸು ಹೆಚ್ಚು. ಗಪ್ಪಿ, ಮೋಲಿಗಳಿಗೆ ಅದು ಒಗ್ಗುತ್ತದೆ, ನಿಯಾನ್ ಟೆಟ್ರಾದಂಥವಕ್ಕೆ ಒಗ್ಗುವುದು ಕಷ್ಟ.

ಚೀಲದಿಂದ ಟಬ್ಬಿಗೆ ಇಳಿಸುವ ಗಳಿಗೆಯ ಬಗ್ಗೆ ಒಂದು ಮಾತು. ಬಿಗಿದ ಚೀಲದೊಳಗೆ ಮೀನು ಬಿಟ್ಟ ಉಸಿರಿನ ಇಂಗಾಲದ ಡೈ ಆಕ್ಸೈಡ್ ತುಂಬಿ ನೀರು ಆಮ್ಲೀಯವಾಗಿರುತ್ತದೆ. ಆ ಆಮ್ಲೀಯತೆಯಲ್ಲಿ ಅಮೋನಿಯ ಬಹುಪಾಲು ಅಮೋನಿಯಂ ರೂಪದಲ್ಲಿ, ಅಷ್ಟಾಗಿ ಹಾನಿ ಮಾಡದೆ ಇರುತ್ತದೆ. ಚೀಲ ಬಿಚ್ಚಿ ಗಾಳಿಯಾಡಿದಂತೆ ಆ ಅನಿಲ ಹೊರಟುಹೋಗಿ ನೀರಿನ ಪಿಎಚ್ ಏರುತ್ತದೆ, ಅಮೋನಿಯ ಮತ್ತೆ ವಿಷದ ರೂಪಕ್ಕೆ ತಿರುಗುತ್ತದೆ. ಆದ್ದರಿಂದ ಬಹಳ ಹೊತ್ತು ಪಯಣಿಸಿದ ಚೀಲವನ್ನು ಬಿಚ್ಚಿಟ್ಟುಕೊಂಡು ಗಂಟೆಗಟ್ಟಲೆ ಹನಿಹನಿ ನೀರು ಬೆರೆಸುತ್ತ ಕೂರಬಾರದು. ಬಿಗಿದ ಚೀಲವನ್ನೇ ಟಬ್ಬಿನಲ್ಲಿ ಹದಿನೈದಿಪ್ಪತ್ತು ನಿಮಿಷ ತೇಲಿಬಿಟ್ಟು, ಬಿಸಿ ತಂಪು ಸಮವಾದ ಮೇಲೆ ಬಿಚ್ಚಿ, ಮೀನನ್ನು ನೆಟ್ಟಿನಲ್ಲಿ ಎತ್ತಿ ಬಿಡುವುದು. ಚೀಲದ ನೀರು ಒಂದು ಹನಿಯೂ ಟಬ್ಬಿಗೆ ಬೇಡ. ಆ ದಿನ ದೀಪವಿಲ್ಲ, ಊಟವಿಲ್ಲ, ಇಣುಕಿ ನೋಡುವವರಿಲ್ಲ.

ಮರುದಿನದಿಂದ ನೋಡುವ ಕೆಲಸ. ಮೂರು ನಾಲ್ಕು ವಾರ ಎಂದೆನಲ್ಲ, ಅದು ಸುಮ್ಮನೆ ಹೇಳಿದ ಲೆಕ್ಕವಲ್ಲ. ಮೀನು ಸಾಕುವವರೆಲ್ಲ ಬಲ್ಲ ಬಿಳಿ ಚುಕ್ಕೆ ರೋಗವನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಅದನ್ನು ಇಕ್ ಅನ್ನುತ್ತಾರೆ. ಅದನ್ನು ತರುವ ಏಕಕೋಶ ಜೀವಿ ಇಕ್ತಿಯೋಫ್ತಿರಿಯಸ್. 1876ರಲ್ಲಿ ಫ್ರೆಂಚ್ ವಿಜ್ಞಾನಿ ಫುಕೆ ಅದನ್ನು ವಿವರಿಸಿದರು. ಅದು ಮೀನಿನ ಚರ್ಮದ ಒಳಗೆ ಸೇರಿ, ತಿಂದು ದಪ್ಪವಾದಾಗ ಹೊರಗಿನಿಂದ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಬಲಿತ ಮೇಲೆ ಉದುರಿ ತಳಕ್ಕೆ ಅಂಟಿ, ಸುತ್ತ ಗೂಡು ಕಟ್ಟಿಕೊಂಡು, ಒಂದು ನೂರಾರಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತ ಮೀನನ್ನು ಹುಡುಕುತ್ತವೆ. ಸುಮಾರು ಎರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಚರ್ಮದೊಳಗಿರುವಾಗ, ಗೂಡಿನೊಳಗಿರುವಾಗ ಯಾವ ಔಷಧಿಯೂ ಅದಕ್ಕೆ ತಾಗುವುದಿಲ್ಲ. ಈಜುವ ಆ ಸಣ್ಣ ಅವಧಿಯಲ್ಲಿ ಮಾತ್ರ ತಾಗುತ್ತದೆ. ಮೈಮೇಲಿನ ಚುಕ್ಕೆ ಉದುರಿದ ದಿನ ‘ವಾಸಿಯಾಯಿತು’ ಎಂದು ಔಷಧಿ ನಿಲ್ಲಿಸುವವರು ಇದಕ್ಕೇ ಮತ್ತೆ ಸೋಲುವುದು. ಅವತ್ತಿಗೆ ಅದು ತಳದಲ್ಲಿ ನೂರಾರಾಗುತ್ತಿರುತ್ತದೆ.

ಈ ಚಕ್ರದ ವೇಗ ನೀರಿನ ಬಿಸಿಯ ಮೇಲೆ ನಿಂತಿದೆ. 25 ಡಿಗ್ರಿಯ ಹತ್ತಿರ ವಾರದೊಳಗೆ ಒಂದು ಸುತ್ತು ಮುಗಿಯುತ್ತದೆ, 7 ಡಿಗ್ರಿಯಲ್ಲಿ ಐದು ವಾರಕ್ಕೂ ಹೆಚ್ಚು ಹಿಡಿಯುತ್ತದೆ. ಕಿವಿರಿನಲ್ಲಿ ಒಂದೆರಡೇ ಕೂತಿದ್ದರೆ ಮೊದಲ ಸುತ್ತಿನಲ್ಲಿ ನಮ್ಮ ಕಣ್ಣಿಗೆ ಏನೂ ಬೀಳುವುದಿಲ್ಲ. ಎರಡನೆಯದೋ ಮೂರನೆಯದೋ ಸುತ್ತಿನಲ್ಲಿ ಮೈಯೆಲ್ಲ ಚುಕ್ಕೆ. ಅಷ್ಟೂ ಸುತ್ತುಗಳಿಗೆ ಸಮಯ ಕೊಡುವುದಕ್ಕೆ ಮೂರು ನಾಲ್ಕು ವಾರ ಬೇಕು. ಹೊಟ್ಟೆಯ ಹುಳುವಿನದೂ ಇದೇ ಕತೆ. ಗುದದ್ವಾರದಲ್ಲಿ ಕೆಂಪು ಎಳೆ ಇಣುಕುವ ಕಮಲ್ಲಾನಸ್ ಹುಳು ಗಪ್ಪಿಗಳಲ್ಲಿ ಆಗಾಗ ಬರುತ್ತದೆ. ಮೀನು ಚೆನ್ನಾಗಿಯೇ ತಿಂದುಕೊಂಡು ಓಡಾಡುತ್ತಿರುವಾಗಲೂ ಒಳಗೆ ಅದು ಬೆಳೆಯುತ್ತಿರಬಹುದು.

ನೋಡುವುದಕ್ಕೆ ನನ್ನದೊಂದು ಕ್ರಮವಿದೆ. ಮೊದಲು ಉಸಿರು: ಕಿವಿರಿನ ಮುಚ್ಚಳ ಎಷ್ಟು ಬೇಗ ಬಡಿಯುತ್ತಿದೆ, ಎರಡೂ ಬದಿ ತೆರೆಯುತ್ತಿದೆಯೋ ಒಂದೇ ಬದಿಯೋ. ಆಮೇಲೆ ಈಜುರೆಕ್ಕೆ: ಬಿಚ್ಚಿಕೊಂಡಿದೆಯೋ, ಮೈಗೆ ಒತ್ತಿಕೊಂಡಿದೆಯೋ. ಪೈಪಿಗೆ, ಗೋಡೆಗೆ ಮೈ ಉಜ್ಜುತ್ತಿದೆಯೇ? ಹೊಟ್ಟೆ ಒಳಗೆ ಸೇದಿದೆಯೇ? ಹಿಕ್ಕೆ ಆಹಾರದ ಬಣ್ಣದ್ದೋ, ಬಿಳಿಯ ಉದ್ದನೆಯ ಎಳೆಯೋ? ಬಾಯಿಯ ಸುತ್ತ, ಬೆನ್ನಿನ ಮೇಲೆ ಬೂದು ಪೊರೆ ಬಂದಿದೆಯೇ? ಕೊನೆಗೆ ಊಟ: ಹಾಕಿದ ತಕ್ಷಣ ಬಂತೋ, ಯೋಚಿಸಿ ಬಂತೋ, ಬಾಯಿಗೆ ಹಾಕಿಕೊಂಡು ಉಗುಳಿತೋ.

ಬೇಸಿಗೆ ರಜೆಗೆ ಬಂದಾಗ ತಂಗಿಯ ಮಗಳು ಈ ಕೆಲಸವನ್ನು ತಾನೇ ವಹಿಸಿಕೊಂಡಳು. ಅದೇ ಕೋಣೆಯಲ್ಲಿ ತೊಟ್ಟಿಲಲ್ಲಿ ಮಲಗಿದ್ದ ಮಗು ಅವಳು. ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದುಕೊಂಡು, ಬೆಳಿಗ್ಗೆ ಸಂಜೆ ಸ್ಟೂಲಿನ ಮೇಲೆ ಕೂತು ಬರೆಯುವಳು. ಟಬ್ಬಿನಲ್ಲಿದ್ದದ್ದು ಹನಿ ಗೌರಾಮಿಗಳು. ಒಂದು ಸಂಜೆ ಓಡಿಬಂದಳು.

“ದೊಡ್ಡಮ್ಮಾ, ಮೇಲೆ ಬಂದು ಬಂದು ಗಾಳಿ ನುಂಗ್ತಿವೆ. ಉಸಿರು ಕಟ್ಟಿದೆಯಾ?”

“ಎಲ್ಲವೂ ಒಟ್ಟಿಗೆ ಮೇಲೇ ನಿಂತಿವೆಯೋ, ಒಂದೊಂದೇ ಬಂದು ಹೋಗ್ತಿವೆಯೋ ನೋಡಿ ಹೇಳು” ಎಂದೆ.

ಅವಳು ಹೋಗಿ ತುಂಬ ಹೊತ್ತು ಕೂತು ಬಂದಳು. “ಒಂದೊಂದೇ. ಬಂದು ಒಂದು ಗುಟುಕು ತಗೊಂಡು ವಾಪಸ್ ಹೋಗುತ್ತೆ. ಕಿವಿರು ನಿಧಾನವಾಗೇ ಇದೆ.”

ಗೌರಾಮಿಗಳಿಗೆ ಕಿವಿರಿನ ಜೊತೆಗೆ ತಲೆಯಲ್ಲಿ ಇನ್ನೊಂದು ಉಸಿರಾಟದ ಅಂಗವಿದೆ. ಮೇಲಿನ ಗಾಳಿಯನ್ನು ಅವು ನೇರವಾಗಿ ಬಳಸಬಲ್ಲವು, ಫೈಟರ್ ಮೀನಿನ ಹಾಗೆ. ಅಮೋನಿಯ ಏರಿದಾಗಿನ ತಳಮಳವೇ ಬೇರೆ: ಎಲ್ಲವೂ ಮೇಲೇ ನಿಲ್ಲುತ್ತವೆ, ಕಿವಿರು ಬಿಡುವಿಲ್ಲದೆ ಬಡಿಯುತ್ತದೆ. ಇದನ್ನು ನಾನು ಹೇಳುವ ಮೊದಲೇ ಅವಳು ಅರ್ಧ ಕಂಡುಕೊಂಡಿದ್ದಳು. ರಜೆ ಮುಗಿಯುವ ಹೊತ್ತಿಗೆ ಯಾವುದು ಮೊದಲು ಊಟಕ್ಕೆ ಬರುತ್ತದೆ, ಯಾವುದು ಪೈಪಿನ ಬಾಯಿ ಬಿಟ್ಟುಕೊಡುವುದಿಲ್ಲ, ಯಾವುದು ಮಂದ ಬೆಳಕಿನಲ್ಲಿ ಮಾತ್ರ ಹೊರಬರುತ್ತದೆ ಎಂದು ಅವಳಿಗೆ ಒಂದೊಂದರ ಸ್ವಭಾವವೂ ಗೊತ್ತಿತ್ತು. ಹಾಲಿನ ತೊಟ್ಟಿಯಲ್ಲಿ, ಗಿಡ ಕಲ್ಲುಗಳ ನಡುವೆ, ಹತ್ತಾರು ಮೀನುಗಳ ಓಡಾಟದಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ನಾವು ನೋಡುವುದು ಅಂದವನ್ನು. ಬೋಳು ಟಬ್ಬಿನಲ್ಲಿ ನೋಡುವುದು ಮೀನನ್ನು. ರೋಗ ತಡೆಯಲೆಂದು ಇಟ್ಟ ಟಬ್ಬು ಹೀಗೆ ಪರಿಚಯದ ಜಾಗವೂ ಆಗುವುದು ನನಗೆ ಅದರ ದೊಡ್ಡ ಫಲವೆನಿಸುತ್ತದೆ. ಪರಿಚಯವಾದ ಜೀವಕ್ಕೆ ನಾಳೆ ಏನಾದರೂ ಆದರೆ ನಮಗೆ ಮೊದಲ ದಿನವೇ ತಿಳಿಯುತ್ತದೆ.

ಔಷಧಿಯ ವಿಷಯದಲ್ಲಿ ನಾನು ಕೈ ಬಿಗಿ ಹಿಡಿಯುವವಳು. ಹೊಸ ಮೀನು ಬಂದ ಕೂಡಲೇ ಇರಲಿ ಎಂದು ಮೆಥಿಲೀನ್ ಬ್ಲೂ ಸುರಿಯುವ ಅಭ್ಯಾಸ ಕೆಲವರಿಗಿದೆ. ಶಿಲೀಂಧ್ರಕ್ಕೆ, ಮೊಟ್ಟೆಗಳ ರಕ್ಷಣೆಗೆ ಅದು ಒಳ್ಳೆಯದೇ. ಆದರೆ ಸ್ಪಾಂಜಿನ ಬ್ಯಾಕ್ಟೀರಿಯಗಳಿಗೂ ಅದು ಮಾರಕ. ಅವು ಸತ್ತರೆ ಅಮೋನಿಯ ಏರುತ್ತದೆ, ಇಲ್ಲದ ರೋಗಕ್ಕೆ ಮದ್ದು ಹಾಕಿ ಇರುವ ಆರೋಗ್ಯ ಕಳೆದಂತಾಗುತ್ತದೆ. ಆ್ಯಂಟಿಬಯೋಟಿಕ್ ಗುಳಿಗೆಗಳನ್ನು ಅಂದಾಜಿನ ಮೇಲೆ ಒಡೆದು ಹಾಕುವುದಂತೂ ಇನ್ನೂ ಕೆಟ್ಟದ್ದು. ಅರ್ಧಂಬರ್ಧ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಗಳನ್ನು ನಾವೇ ಬೆಳೆಸಿದಂತೆ. ನನ್ನ ಮೊದಲ ಮದ್ದು ಶುದ್ಧ ನೀರು: ಎರಡು ದಿನಕ್ಕೊಮ್ಮೆ ಕಾಲು ಭಾಗ ತೆಗೆದು ಅದೇ ಬಿಸಿಯ ಹೊಸ ನೀರು ಹಾಕುವುದು, ಪರೀಕ್ಷೆಯ ಹನಿಯಲ್ಲಿ ಅಮೋನಿಯ ಕಂಡರೆ ಅವತ್ತೇ ಹಾಕುವುದು. ಎರಡನೆಯದು ಬೆಚ್ಚನೆ. ಮೂರನೆಯದು ಅಡುಗೆಮನೆಯ ಕಲ್ಲುಪ್ಪು. ಲೀಟರಿಗೆ 1ರಿಂದ 3 ಗ್ರಾಂ, ಒಮ್ಮೆಲೇ ಅಲ್ಲ, ನೀರಿನಲ್ಲಿ ಕರಗಿಸಿ ಒಂದೆರಡು ದಿನದಲ್ಲಿ ಹಂತಹಂತವಾಗಿ. ನೀರು ಆವಿಯಾದರೂ ಉಪ್ಪು ಅಲ್ಲೇ ಇರುತ್ತದೆ. ತೆಗೆದ ನೀರಿಗೆ ತಕ್ಕಷ್ಟನ್ನು ಮಾತ್ರ ಮತ್ತೆ ಸೇರಿಸಬೇಕು. ಲೋಚ್, ಕೋರಿಡೋರಾಸ್‌ನಂಥ ನಾಜೂಕಿನ ಮೀನುಗಳಿಗೆ ಕಡಿಮೆ ಅಳತೆಯೇ ಸಾಕು. ಇದಕ್ಕೂ ಬಗ್ಗದ ಕಾಯಿಲೆಯಾದರೆ ಬಲ್ಲವರನ್ನು ಕೇಳುವುದು. ಭಾರತದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನಲ್ಲೇ. ಮೀನಿನ ಕಾಯಿಲೆಯೂ ಓದಿ ಕಲಿತವರಿರುವ ವಿದ್ಯೆ, ಊಹೆಯ ಆಟವಲ್ಲ.

ಟಬ್ಬಿನ ನೆಟ್ಟು, ಪೈಪು, ಬಕೆಟ್ಟು ಟಬ್ಬಿಗೇ ಮೀಸಲು. ಅವಕ್ಕೆ ಕೆಂಪು ದಾರ ಕಟ್ಟಿಟ್ಟಿದ್ದೇನೆ, ಮನೆಯಲ್ಲಿ ಯಾರೂ ತಪ್ಪಿಯೂ ಹಾಲಿನ ತೊಟ್ಟಿಗೆ ಅದ್ದಬಾರದೆಂದು. ಊಟ ಹಾಕುವುದೂ ಮೊದಲು ಹಾಲಿನ ಮೀನುಗಳಿಗೆ, ಆಮೇಲೆ ಹೊಸಬರಿಗೆ, ಕೊನೆಗೆ ಕೈ ತೊಳೆಯುವುದು. ಅವಧಿ ಮುಗಿದು ಮೀನು ದೊಡ್ಡ ತೊಟ್ಟಿಗೆ ಹೋದ ಮೇಲೆ ಎಲ್ಲವನ್ನೂ ತೊಳೆದು ನಮ್ಮ ಬಿಸಿಲಿಗೆ ಚೆನ್ನಾಗಿ ಒಣಗಿಸುತ್ತೇನೆ. ಇಕ್‌ನ ಗೂಡಿಗೆ ಒಣಗುವಿಕೆಯನ್ನು ತಾಳುವ ಶಕ್ತಿಯಿಲ್ಲ. ರೋಗ ಕಂಡ ಟಬ್ಬಾದರೆ ಸ್ಪಾಂಜನ್ನು ಎಸೆದು ಹೊಸದನ್ನು ದೊಡ್ಡ ತೊಟ್ಟಿಯಲ್ಲಿ ಓಡಲು ಬಿಡುತ್ತೇನೆ.

ಟಬ್ಬಿನ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ನಮ್ಮ ಜವಾಬ್ದಾರಿಯೇ. 1988ರಲ್ಲಿ ಈಶಾನ್ಯದ ಕಡೆಯಿಂದ ಭಾರತಕ್ಕೆ ಕಾಲಿಟ್ಟ ಹುಣ್ಣಿನ ರೋಗ ಕೆಲವೇ ವರ್ಷಗಳಲ್ಲಿ ದಕ್ಷಿಣದ ನೀರುಗಳಿಗೂ ಇಳಿದು, ಕೆರೆ ಹೊಳೆಗಳಲ್ಲಿ ಮೈತುಂಬ ಹುಣ್ಣಾದ ಮೀನುಗಳು ತೇಲಿದವು. ತೊಂಬತ್ತರ ದಶಕದ ನಡುವಿನಲ್ಲಿ ಬಂದ ಬಿಳಿ ಚುಕ್ಕೆ ವೈರಸ್, ಹೆಸರು ಒಂದೇ ಆದರೂ ನಮ್ಮ ಇಕ್‌ಗಿಂತ ಬೇರೆಯಾದದ್ದು, ಕರಾವಳಿಯ ಸಿಗಡಿ ಕೊಳಗಳನ್ನು ಬರಿದು ಮಾಡಿತು. ಈಗ ವಿದೇಶದಿಂದ ಬರುವ ವನ್ನಾಮಿ ಜಾತಿಯ ತಾಯಿಸಿಗಡಿಗಳನ್ನು ಚೆನ್ನೈನ ನೀಲಾಂಕರೈಯ ಸರ್ಕಾರಿ ಕೇಂದ್ರದಲ್ಲಿ ಬೇರೆ ಇಟ್ಟು ಪರೀಕ್ಷಿಸಿದ ಮೇಲೆಯೇ ಹ್ಯಾಚರಿಗಳಿಗೆ ಬಿಡುತ್ತಾರೆ. ದೇಶ ಇಷ್ಟು ಕಷ್ಟಪಟ್ಟು ಕಲಿತ ಪಾಠವನ್ನು ನಮ್ಮ ಮನೆಯ ಟಬ್ಬು ಮರೆಯಬಾರದು. ಅದರ ನೀರು ಒಳಚರಂಡಿಗೆ ಹೋಗಲಿ, ಕುಕ್ಕರಹಳ್ಳಿ ಕೆರೆಗಲ್ಲ. ಸಾಕಲಾಗದ ಮೀನನ್ನು ‘ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುವವರು ಕರುಣೆಯಿಂದಲೇ ಬಿಡುತ್ತಾರೆ; ಆದರೆ ಹೀಗೆ ಹೊರಬಿದ್ದ ಸಕ್ಕರ್ ಮೀನು ಇವತ್ತು ದಕ್ಷಿಣದ ಎಷ್ಟೋ ಕೆರೆಗಳಲ್ಲಿ ಬೇರೂರಿ ಬೆಸ್ತರ ಬಲೆ ಹರಿಯುತ್ತಿದೆ, ಊರಿನ ಮೀನುಗಳ ನೆಲೆ ಕಸಿಯುತ್ತಿದೆ.

ಸಹ್ಯಾದ್ರಿಯ ಹೊಳೆಗಳಲ್ಲಿ ಒಂದು ಮೀನಿದೆ. ಬೆಳ್ಳಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟೆ, ಅದರ ಮೇಲೆ ಕೆಂಪು ಗೆರೆ. 1865ರಲ್ಲಿ ಮೀನುವಿಜ್ಞಾನಿ ಫ್ರಾನ್ಸಿಸ್ ಡೇ ಹೆಸರಿಟ್ಟ ಡೆನಿಸನ್ ಬಾರ್ಬ್, ವ್ಯಾಪಾರಿಗಳ ಬಾಯಲ್ಲಿ ಮಿಸ್ ಕೇರಳ. ಕೇರಳ ಮತ್ತು ನಮ್ಮ ರಾಜ್ಯದ ದಕ್ಷಿಣದ ಅಂಚು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಅದರ ತವರಿಲ್ಲ. ಅಕ್ವೇರಿಯಂ ವ್ಯಾಪಾರಕ್ಕೆಂದು ಹೊಳೆಯಿಂದ ಎಡೆಬಿಡದೆ ಹಿಡಿದದ್ದೂ ಸೇರಿ ಅದೀಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಹೀಗೆ ಹೊಳೆಯಿಂದ ಹಿಡಿದು ತಂದ ಮೀನು ಯಾರದೋ ಮನೆಯಲ್ಲಿ ವಾರದಲ್ಲಿ ಸತ್ತರೆ ಆ ಖಾಲಿ ಜಾಗಕ್ಕೆ ಇನ್ನೊಂದನ್ನು ಮತ್ತೆ ಹೊಳೆಯಿಂದಲೇ ಹಿಡಿಯುತ್ತಾರೆ. ನಮ್ಮ ಟಬ್ಬಿನಲ್ಲಿ ಬದುಕಿ ಉಳಿದ ಪ್ರತಿಯೊಂದು ಮೀನೂ ಅಷ್ಟರಮಟ್ಟಿಗೆ ಹೊಳೆಯ ಮೇಲಿನ ಭಾರವನ್ನು ಇಳಿಸುತ್ತದೆ. ಸಾವಿರ ರೂಪಾಯಿಯ ಡಬ್ಬಕ್ಕೂ ಸಹ್ಯಾದ್ರಿಯ ಹೊಳೆಗೂ ಇರುವ ನಂಟು ಇದು.

ಮೀನು ಸಾಕಲು ಆಸೆಪಟ್ಟು ಸಲಹೆ ಕೇಳಲು ಬರುವವರಿಗೆ ನಾನು ಹೇಳುವುದು ಒಂದೇ. ದೊಡ್ಡ ತೊಟ್ಟಿ ಸಣ್ಣದಿರಲಿ, ದೀಪ ಸಾಧಾರಣದ್ದಿರಲಿ, ಮೀನು ಎರಡು ಕಮ್ಮಿಯೇ ಇರಲಿ. ಉಳಿಸಿದ ದುಡ್ಡಿನಲ್ಲಿ ಮೊದಲು ಆ ಬೋಳು ಟಬ್ಬು ಕೊಳ್ಳಿ. ದೂರದಿಂದ ದಣಿದು ಬಂದ ಜೀವಕ್ಕೆ ಒಂದು ತಿಂಗಳ ನೆಮ್ಮದಿ ಕೊಡಲು ನಮ್ಮಿಂದ ಆಗದಿದ್ದರೆ, ಅದರ ಮುಂದಿನ ವರ್ಷಗಳ ಹೊಣೆ ಹೊರುವ ಮಾತೇ ಬೇಡ. ಆ ಒಂದು ತಿಂಗಳು ಚೆನ್ನಾಗಿ ನೋಡಿಕೊಂಡವರಿಗೆ ಮುಂದಿನದನ್ನು ನಾನು ಹೇಳಿಕೊಡಬೇಕಾಗಿಯೇ ಇಲ್ಲ, ಮೀನೇ ಹೇಳಿಕೊಟ್ಟಿರುತ್ತದೆ.